ಭಾನುವಾರ ಎದ್ದು ಮತ್ತೆ ಮಲಗುವ ಡಬ್ಬ

ಕೆಲವರ ಜಾತಕದಲ್ಲಿ ಶನಿ ಇರುತ್ತಾನೆ, ನನ್ನ ಜಾತಕದಲ್ಲಿ ಶಾಲಾ ಕಮಿಟಿ ಇದೆ. ಹಾಗಾಗಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆದೇ ನಡೆಯುತ್ತದೆ. ನಡೆಯುವ ಹೊತ್ತಿನಲ್ಲಿ ಮಾತ್ರ ನಗು ಬರುವುದಿಲ್ಲ, ಅದು ಬೇರೆ ಮಾತು.

ತುಮಕೂರಿನಲ್ಲೊಂದು, ಗುಬ್ಬಿಯಲ್ಲೊಂದು, ಕುಣಿಗಲ್ಲಿನಲ್ಲೊಂದು, ಹೀಗೆ ಮೂರು ಶಾಲೆ ನಡೆಸುವ ಒಂದು ಸಂಸ್ಥೆಯಲ್ಲಿ ನಾನು ಕಂಪ್ಯೂಟರ್ ಮೇಷ್ಟ್ರು. ಮೂರಕ್ಕೂ ನಾನೊಬ್ಬನೇ. ವಾರದಲ್ಲಿ ಎರಡೆರಡು ದಿನ ಹಂಚಿಕೊಂಡು ಬಸ್ಸಿನಲ್ಲಿ ಓಡಾಡುತ್ತೇನೆ. ಆರು ವರ್ಷದಿಂದ ಟೆಂಪರರಿ. ನೆಂಟರಿಷ್ಟರ ಎದುರು ನಮ್ಮ ಮಾವ ನನ್ನನ್ನು ಪರಿಚಯ ಮಾಡಿಸುವುದು ಹೀಗೆ: "ಇವ್ರು ನಮ್ಮ ಅಳಿಯಂದ್ರು, ಸದ್ಯಕ್ಕೆ ಮೇಷ್ಟ್ರು." ಆ 'ಸದ್ಯಕ್ಕೆ' ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿದುಹೋಗುತ್ತದೆ. ಖಾಯಂ ಆಗಬೇಕು ಅನ್ನುವುದೊಂದೇ ನನಗಿದ್ದ ಆಸೆ. ದೇವರ ಮುಂದೆ ನಿಂತರೂ ಬೇರೇನೂ ಬಾಯಿಗೆ ಬರುತ್ತಿರಲಿಲ್ಲ.

ಖಾಯಂ ಮಾಡುವ ಅಧಿಕಾರ ಇರುವುದು ಸಂಸ್ಥೆಯ ಸೆಕ್ರೆಟರಿಯವರಿಗೆ. ಅವರು ಮೂಲತಃ ಕೊಬ್ಬರಿ ಮಂಡಿಯವರು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಒಳಗೆ ಕೊಬ್ಬರಿ ಆಗಿದೆಯೋ ಇನ್ನೂ ನೀರಿದೆಯೋ ಹೇಳಬಲ್ಲರು. ವಿದ್ಯಾಕ್ಷೇತ್ರಕ್ಕೆ ಬಂದ ಮೇಲೂ ಅವರ ಪರೀಕ್ಷೆಯ ವಿಧಾನ ಬದಲಾಗಲಿಲ್ಲ.

೧. ಬಂತು ಡಬ್ಬ

ನಮ್ಮ ಶಾಲೆಗಳಲ್ಲಿ ಮೊದಲು ರೈಲು ಕಂಬಿಯ ತುಂಡೊಂದನ್ನು ನೇತುಹಾಕಿ ಅಟೆಂಡರು ಗಂಟೆ ಹೊಡೆಯುತ್ತಿದ್ದರು. ಅವರ ಕಾಫಿ ಮುಗಿಯುವವರೆಗೆ ಗಣಿತದ ಪೀರಿಯಡ್ಡು ಮುಗಿಯುತ್ತಿರಲಿಲ್ಲ. ಇದನ್ನು ಕಂಡ ಸೆಕ್ರೆಟರಿಯವರು ಬೆಂಗಳೂರಿಗೆ ಹೋಗಿ ಮೂರು ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಹಾಕಿಕೊಂಡು ಬಂದರು. ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ ನೋಡಿಯೇ ತಂದದ್ದಂತೆ.

"ಇನ್ಮೇಲೆ ಮೂರೂ ಸ್ಕೂಲಲ್ಲಿ ಇವೇ ಬೆಲ್ ಹೊಡೀಬೇಕು" ಅಂದರು. "ಸಂಜೆ ಸ್ಕೂಲ್ ಬಿಟ್ಮೇಲೆ ಸುಮ್ನೆ ಕರೆಂಟ್ ತಿನ್ಕೊಂಡು ಕೂರಂಗಿಲ್ಲ, ಮಲ್ಕೊಬೇಕು. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ತಾನೇ ಏಳ್ಬೇಕು. ಎಬ್ಸಕ್ಕೆ ಅಂತ ಇನ್ನೊಬ್ರನ್ನ ಇಡಕ್ಕೆ ನನ್ ಕೈಲಾಗಲ್ಲ."

"ಆಗತ್ತೆ ಸಾರ್" ಅಂದೆ.

"ಒಂದು ವರ್ಷ ಒಂದೂ ಬೆಲ್ ತಪ್ಪದಂಗೆ ಹೊಡೀಲಿ. ನಿಮ್ಮನ್ನ ಖಾಯಂ ಮಾಡ್ತೀನಿ."

ನನ್ನ ಕಿವಿಯೊಳಗೆ ಆಗಲೇ ಗಂಟೆ ಹೊಡೆಯಿತು.

ಕೆಲಸ ಕಷ್ಟದ್ದೇನೂ ಅಲ್ಲ. ಕಂಪ್ಯೂಟರಿನ ಹೊಟ್ಟೆಯಲ್ಲಿ ಪುಟ್ಟದೊಂದು ಗಡಿಯಾರ ಇರುತ್ತದೆ, ಬಟನ್ ಸೆಲ್ಲಿನ ಮೇಲೆ ನಡೆಯುತ್ತದೆ. ಕಂಪ್ಯೂಟರ್ ಮಲಗಿದರೂ ಅದು ಮಲಗುವುದಿಲ್ಲ. ಮಲಗುವ ಮುಂಚೆ 'ನನ್ನನ್ನು ಇಷ್ಟು ಗಂಟೆಗೆ ಎಬ್ಬಿಸು' ಅಂತ ಅದಕ್ಕೆ ಅಲಾರಂ ಕೊಟ್ಟು ಮಲಗಿದರೆ ಸರಿಯಾಗಿ ಆ ಹೊತ್ತಿಗೆ ಎಬ್ಬಿಸುತ್ತದೆ. ಸಂಕ್ರಾಂತಿ ಮುಗಿದ ವಾರ ಶುರು ಮಾಡಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಡುವವರೆಗೆ ಒಂದು ನಿಮಿಷ ಆಚೀಚೆ ಇಲ್ಲ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸು ತಪ್ಪಿ, ತಡವಾಗಿ ಗುಬ್ಬಿಯ ಬಸ್ಸಿನಲ್ಲಿ ಕೂತಿದ್ದೆ. ಫೋನು ಬಂತು. ಸೆಕ್ರೆಟರಿಯವರು. ಹತ್ತೂಕಾಲಿಗೆ ತುಮಕೂರಿನ ಶಾಲೆಗೆ ಹೋದರೆ ಎಂಟುನೂರು ಮಕ್ಕಳು ಮೈದಾನದಲ್ಲಿ ಆಡುತ್ತಿದ್ದಾರೆ, ಪ್ರಾರ್ಥನೆಯೇ ಆಗಿಲ್ಲ, ಡಬ್ಬ ತಣ್ಣಗೆ ಮಲಗಿದೆ. ಮುಖ್ಯೋಪಾಧ್ಯಾಯಿನಿ ತಮ್ಮ ಕೋಣೆಯಲ್ಲಿ ಗೋಡೆ ಗಡಿಯಾರದ ಕೆಳಗೆ, ಕೈಯಲ್ಲಿ ವಾಚು ಕಟ್ಟಿಕೊಂಡು, ಸುಮ್ಮನೆ ಕೂತಿದ್ದಾರೆ.

"ಏನಮ್ಮ ಇದು?" ಅಂತ ಇವರು ಗದರಿದ್ದಕ್ಕೆ ಆಕೆ ಎದ್ದು ನಿಂತು ವಿನಯದಿಂದ ಹೇಳಿದರಂತೆ: "ಬೆಲ್ ಆಗಿಲ್ಲ ಸಾರ್. ಅದಕ್ಕೇ ಇನ್ನೂ ಒಂಬತ್ತಾಗಿಲ್ಲ ಅಂದ್ಕೊಂಡೆ."

೨. ಒಂದೇ ದಿನದ ನೆನಪು

ಇಳಿದು ವಾಪಸ್ ಬಂದು ಡಬ್ಬ ಬಿಚ್ಚಿದೆ. ಆಗ ಗುಟ್ಟು ಗೊತ್ತಾಯಿತು. ಒಳ್ಳೆಯ ಕಂಪ್ಯೂಟರುಗಳ ಅಲಾರಮ್ಮಿಗೆ ತಿಂಗಳು, ತಾರೀಖು ಎಲ್ಲ ಕೊಡಬಹುದು. ಇವರು ಅಲ್ಲಾಡಿಸಿ ಆರಿಸಿ ತಂದವುಗಳ ಅಲಾರಮ್ಮಿಗೆ ಗಂಟೆ ನಿಮಿಷ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಇಪ್ಪತ್ನಾಲ್ಕು ಗಂಟೆಯೇ ಅದರ ಮಿತಿ. 'ನಾಳೆ ಎಂಟೂ ಮುಕ್ಕಾಲಿಗೆ ಎಬ್ಬಿಸು' ಅಂದರೆ ಎಬ್ಬಿಸುತ್ತದೆ. 'ನಾಡಿದ್ದು' ಅಂದರೆ 'ನನ್ನಿಂದಾಗದು' ಅನ್ನುತ್ತದೆ. ಶನಿವಾರ ಕಂಪ್ಯೂಟರು ಸೋಮವಾರಕ್ಕೆ ಅಲಾರಂ ಕೇಳಿದೆ, ಗಡಿಯಾರ ಆಗದು ಅಂದಿದೆ, ಇದು ಆ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಹೊದ್ದು ಮಲಗಿದೆ. ತಪ್ಪು ಅಂದರೆ ನನ್ನದೂ ಉಂಟು. ಆಗದು ಅಂದಿತೋ ಆಗುತ್ತೆ ಅಂದಿತೋ ನೋಡಿಯೇ ಮಲಗು ಅಂತ ನಾನು ಬರೆದಿರಲಿಲ್ಲ.

ಇದನ್ನು ಸೆಕ್ರೆಟರಿಯವರಿಗೆ ತಿಳಿಸಿ ಹೇಳುವುದು ಡಬ್ಬಕ್ಕೆ ಹೇಳುವುದಕ್ಕಿಂತ ಕಷ್ಟವಾಯಿತು.

"ಅದೇನ್ರೀ, ಒಂದೇ ದಿನ? ನಾವು ಕಾಯಿ ಅಟ್ಟಕ್ಕೆ ಹಾಕಿದ್ರೆ ವರ್ಷಗಟ್ಲೆ ಅದ್ರ ಪಾಡಿಗದು ಇರತ್ತೆ. ಟೈಮಿಗೆ ಸರ್ಯಾಗಿ ಕೊಬ್ಬರಿ ಆಗತ್ತೆ. ಅದಕ್ಕೇನು ಅಲಾರಂ ಇಡ್ತೀವಾ?"

"ಇಲ್ಲ ಸಾರ್. ಆದ್ರೆ ಇದಕ್ಕೊಂದು ಉಪಾಯ ಇದೆ. ಭಾನುವಾರವೂ ಬೆಳಿಗ್ಗೆ ಒಂದ್ಸಲ ಎಬ್ಬಿಸೋದು. ಎದ್ದು ಇವತ್ತು ಯಾವ ವಾರ ಅಂತ ನೋಡ್ಕೊಳ್ಳತ್ತೆ. ಭಾನುವಾರ ಅಂತ ಗೊತ್ತಾದ್ರೆ ಮಾರನೇ ದಿನಕ್ಕೆ ಹೊಸ್ದಾಗಿ ಅಲಾರಂ ಕೊಟ್ಟು ಮತ್ತೆ ಮಲ್ಕೊಳ್ಳತ್ತೆ. ಎಷ್ಟು ದಿನ ರಜ ಇದ್ರೂ ಹಿಂಗೇ ದಿನಾ ಒಂದ್ಸಲ ಎದ್ದು ಮಲಗಿ, ಎದ್ದು ಮಲಗಿ ದಾಟ್ಕೊಂಡು ಹೋಗತ್ತೆ."

ಸೆಕ್ರೆಟರಿಯವರು ನನ್ನನ್ನೇ ದಿಟ್ಟಿಸಿ ನೋಡಿದರು.

"ಅಂದ್ರೆ ಭಾನುವಾರ ಬೆಳಿಗ್ಗೆ ಎದ್ದು, ಓ ಇವತ್ತು ಭಾನುವಾರ ಅಂತ ಮತ್ತೆ ಬಿದ್ಕೊಳ್ಳತ್ತೆ?"

"ಹೂಂ ಸಾರ್. ಅದಕ್ಕೆ ಒಂದು ಪ್ರೋಗ್ರಾಂ ಬರೀಬೇಕು."

"ನನ್ನ ಮಗ ದಿನಾ ಮಾಡದೇ ಅದು. ಅದಕ್ಕೂ ಪ್ರೋಗ್ರಾಂ ಬೇರೆ ಬರೀಬೇಕೇನ್ರೀ?"

ಪ್ರೋಗ್ರಾಂ ಬರೆದೆ. ಆದರೆ ನನ್ನ ಖಾಯಮ್ಮಿನ ವರ್ಷ ಮತ್ತೆ ಮೊದಲಿನಿಂದ ಎಣಿಕೆಯಾಯಿತು. "ಹಳೇ ಒಂದು ವಾರ ಬುಡಿ, ಲೆಕ್ಕಕ್ಕಿಲ್ಲ" ಅಂದುಬಿಟ್ಟರು.

೩. ಗುಬ್ಬಿಯ ಗಟ್ಟಿಮೇಳ

ಗುಬ್ಬಿಯ ಶಾಲೆಗೆ ದೊಡ್ಡದೊಂದು ಹಾಲ್ ಇದೆ. ಸರಸ್ವತಿಯ ಸೇವೆ ವಾರಕ್ಕೆ ಆರೇ ದಿನ ಇರುವುದರಿಂದ ಭಾನುವಾರ ಅದನ್ನು ಮದುವೆಗೆ ಕೊಡುತ್ತಾರೆ. ಗಂಟೆಯ ಹಾರ್ನ್ ಕೂಡ ಅದೇ ಹಾಲಿನ ನೆತ್ತಿಯ ಮೇಲಿದೆ.

ಒಂದು ಭಾನುವಾರ ಎಂಟೂವರೆಯಿಂದ ಒಂಬತ್ತರೊಳಗೆ ಮುಹೂರ್ತ. ಹುಡುಗನ ಕಡೆಯವರು ಕಡಬದವರು, ಹುಡುಗಿಯ ಕಡೆಯವರು ಚೇಳೂರಿನವರು. ಗಂಡು ಹೆಣ್ಣು ಮಂಟಪದಲ್ಲಿದ್ದಾರೆ. ತೆಂಗಿನಕಾಯಿಯ ಮೇಲೆ ತಾಳಿ ಇಟ್ಟ ತಟ್ಟೆಯನ್ನು ಹುಡುಗಿಯ ಚಿಕ್ಕಮ್ಮ ಹಿರಿಯರಿಂದ ಮುಟ್ಟಿಸಿಕೊಂಡು ಬರಲು ಜನರ ನಡುವೆ ಹೊರಟಿದ್ದಾರೆ, ಇನ್ನೂ ನಾಲ್ಕನೇ ಸಾಲಿನಲ್ಲಿದ್ದಾರೆ. ಎಲ್ಲರ ಕೈಯಲ್ಲೂ ಅಕ್ಷತೆ ಇದೆ, ಕಣ್ಣು ಫೋನಿನಲ್ಲಿದೆ.

ಆಗ ಎಂಟೂ ಮುಕ್ಕಾಲಾಯಿತು. ಶನಿವಾರ ಯಾರೋ ಆಂಪ್ಲಿಫೈಯರ್ ಆರಿಸದೆ ಹೋಗಿದ್ದರು. ನಮ್ಮ ಡಬ್ಬ ಎದ್ದಿತು. ಎದ್ದಾಗ ಅದು ಒಂದು ಸಲ 'ಠೊಣ್' ಅನ್ನುವುದುಂಟು. ಅದು ಹಾರ್ನಿನಲ್ಲಿ ಇಡೀ ಹಾಲಿಗೆ ಕೇಳಿಸಿತು. ಇವತ್ತು ಭಾನುವಾರ ಅಂತ ನೋಡಿಕೊಂಡು ಡಬ್ಬ ಮತ್ತೆ ಮಲಗಿತು.

ಅಷ್ಟರಲ್ಲಿ ಡೋಲಿನವನು ತೂಕಡಿಸುತ್ತಿದ್ದವನು ಬೆಚ್ಚಿಬಿದ್ದು, ತಾನು ತಡ ಮಾಡಿದೆ ಅಂದುಕೊಂಡು ಗಟ್ಟಿಮೇಳ ಬಾರಿಸಿಯೇಬಿಟ್ಟ. ನಾದಸ್ವರದವನು ಜೊತೆಗೂಡಿದ. ಗಟ್ಟಿಮೇಳ ಕೇಳಿದ ಮೇಲೆ ಯಾರು ಮಂಟಪ ನೋಡುತ್ತಾರೆ? ಐನೂರು ಜನ ಒಟ್ಟಿಗೆ ಎದ್ದು ಅಕ್ಷತೆ ಎಸೆದರು. ಹಾಗೇ ಊಟದ ಮನೆಯ ಕಡೆಗೂ ತಿರುಗಿದರು.

ತಾಳಿ ನಾಲ್ಕನೇ ಸಾಲಿನಲ್ಲೇ ಇತ್ತು.

"ಕಟ್ಟಕ್ಕೆ ಮುಂಚೆ ಯಾವನ್ಲಾ ಮೇಳ ಬಾರ್ಸಿದ್ದು?" ಅಂತ ಹುಡುಗಿಯ ಅಪ್ಪ ಕೂಗಿದರು. "ಮೇಲಿಂದ ಸೌಂಡ್ ಬಂತು ಕಣಣ್ಣೋ!" ಅಂತ ಡೋಲಿನವನು ಕೈಮುಗಿದ. ಕೆಲವರು ಭಕ್ತಿಯಿಂದ ಸೂರು ನೋಡಿದರು. ಶಾಸ್ತ್ರಿಗಳಿಗೆ ಮಧ್ಯಾಹ್ನ ಇನ್ನೊಂದು ಮದುವೆಯಿತ್ತು. ಅವರು ಸೂರು ನೋಡಲಿಲ್ಲ, ಗಡಿಯಾರ ನೋಡಿದರು. "ಮೇಲಿಂದಲೇ ಬಂದ ಮೇಲೆ ನಮ್ಮದೇನಿದೆ? ಆ ತಟ್ಟೆ ಬೇಗ ತನ್ನಿ. ಕಟ್ಟಪ್ಪ ನೀನು" ಅಂದರು.

ಸುದ್ದಿ ಕೇಳಿ ಸೋಮವಾರವೇ ಹೋಗಿ ಏಳುವ ಸದ್ದನ್ನು ನಿಲ್ಲಿಸಿದೆ. ಸೆಕ್ರೆಟರಿಯವರು ಬೈಯುತ್ತಾರೆ ಅಂತ ಕಾದೆ, ಬೈಯಲಿಲ್ಲ. ಮುಂದಿನ ವಾರ ಹಾಲಿನ ಬಾಗಿಲಿಗೆ ಹೊಸ ಬೋರ್ಡು ಬಂದಿತ್ತು: 'ಪಾತ್ರೆ ಸಾಮಾನು, ನೀರು, ಜನರೇಟರ್ ಹಾಗೂ ಕಂಪ್ಯೂಟರ್ ಗಟ್ಟಿಮೇಳದ ವ್ಯವಸ್ಥೆ ಇದೆ.'

೪. ಕುಣಿಗಲ್ಲಿನ ಮೀಟಿಂಗು

ಇದರ ನಡುವೆ ಮೇಷ್ಟ್ರುಗಳು ಬೆರಳೊತ್ತಿ ಹಾಜರಿ ಹಾಕುವ ಮೆಷಿನ್ನನ್ನೂ ಅದೇ ಡಬ್ಬಕ್ಕೆ ಜೋಡಿಸಲು ಅಪ್ಪಣೆಯಾಯಿತು. ಜೋಡಿಸಿದೆ. ಅಲ್ಲಿಂದ ಸ್ಟಾಫ್‌ರೂಮಿನಲ್ಲಿ ನನಗೆ ಚಹಾ ಕೊಡುವವರು ಕಡಿಮೆಯಾದರು.

ದಸರಾ ರಜ ಬಂತು. ಹದಿನೈದು ದಿನವೂ ಡಬ್ಬಗಳು ನಾನು ಹೇಳಿಕೊಟ್ಟ ಹಾಗೆ ಬೆಳಿಗ್ಗೆ ಎದ್ದು, ರಜ ಅಂತ ನೋಡಿ, ಮರುದಿನಕ್ಕೆ ಅಲಾರಂ ಕೊಟ್ಟು ಮಲಗಿದವು. ರಜ ಮುಗಿದ ದಿನ ಎಂಟೂ ಮುಕ್ಕಾಲಿಗೆ ಎದ್ದು ಒಂಬತ್ತಕ್ಕೆ ಸರಿಯಾಗಿ ಗಂಟೆ ಹೊಡೆದವು. ಆ ಬೆಳಿಗ್ಗೆ ಕುಣಿಗಲ್ ಶಾಲೆಯ ಮೆಟ್ಟಿಲ ಮೇಲೆ ನಿಂತು ಗಂಟೆ ಕೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ? ಇನ್ನು ಮೂರು ತಿಂಗಳು ದೂಡಿದರೆ 'ಸದ್ಯಕ್ಕೆ' ಹೋಗುತ್ತದೆ.

ಅವತ್ತೇ ಅಲ್ಲಿ ಮೂರೂ ಶಾಲೆಯ ಮೇಷ್ಟ್ರುಗಳ ಮೀಟಿಂಗು. ಡಬ್ಬ ಯಾವಾಗ ಎದ್ದಿತು, ಯಾವಾಗ ಮಲಗಿತು ಅನ್ನುವ ಪಟ್ಟಿಯನ್ನು ಸೆಕ್ರೆಟರಿಯವರು ಪ್ರಿಂಟ್ ತೆಗೆಸಿಕೊಂಡಿದ್ದರು. ಅದನ್ನು ಎತ್ತಿ ಹಿಡಿದು ಆಡಿಸಿದರು.

"ನೋಡಿ, ಕಣ್ಬಿಟ್ಟು ನೋಡಿ! ನೀವೆಲ್ಲ ನೆಂಟರ ಮನೇಲಿ ಹೋಳಿಗೆ ತಿಂತಿದ್ರಿ. ಇದು ಆಯುಧಪೂಜೆ ದಿನಾನೂ ಎದ್ದಿದೆ. ವಿಜಯದಶಮಿ ದಿನಾನೂ ಎದ್ದಿದೆ. ಒಂದು ದಿನ ಚಕ್ಕರ್ ಹಾಕಿಲ್ಲ. ಸಂಸ್ಥೆ ಮೇಲೆ ಅಭಿಮಾನ ಅಂದ್ರೆ ಇದು!"

ಹಿಂದಿ ಮೇಡಮ್ಮು ಮೆಲ್ಲಗೆ ಕೈ ಎತ್ತಿದರು. ಅವರಿಗೆ ನಿವೃತ್ತಿಗೆ ನಾಲ್ಕು ತಿಂಗಳಿತ್ತು, ಯಾರ ಹೆದರಿಕೆಯೂ ಇರಲಿಲ್ಲ.

"ಎದ್ದು ಏನ್ ಕೆಲಸ ಮಾಡ್ತು ಸಾರ್?"

ಸೆಕ್ರೆಟರಿಯವರು ನನ್ನ ಕಡೆ ತಿರುಗಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: "ಏನಿಲ್ಲ ಮೇಡಂ. ನಾಲ್ಕು ಸೆಕೆಂಡ್ ಕಣ್ಬಿಟ್ಟು ಸುತ್ತ ನೋಡತ್ತೆ. ಮುಂದಿನ ಸಲ ಯಾವಾಗ ಏಳ್ಬೇಕು ಅಂತ ತೀರ್ಮಾನ ಮಾಡತ್ತೆ. ಮತ್ತೆ ಮಲ್ಕೊಳ್ಳತ್ತೆ."

"ಹಂಗಾದ್ರೆ ಇದನ್ನ ಇಲ್ಯಾಕೆ ಇಟ್ಟಿದೀರಿ ಸಾರ್?" ಅಂದರು ಮೇಡಮ್ಮು. "ಕಮಿಟಿ ಮೆಂಬರ್ ಮಾಡ್ಕೊಳ್ಳಿ."

೫. ಸನ್ಮಾನ

ವಾರ್ಷಿಕೋತ್ಸವ ತುಮಕೂರಿನಲ್ಲಿ, ಒಂದು ಭಾನುವಾರ. ಲೆಕ್ಕ ಹಾಕಿ ನೋಡಿದರೆ ನನ್ನ ವರ್ಷ ತುಂಬುವುದೂ ಅದೇ ದಿನ.

ಹಿಂದಿನ ದಿನ ಸೆಕ್ರೆಟರಿಯವರು ಕರೆದರು. "ನಾಳೆ ಭಾನುವಾರಾನ ಕಂಪ್ಯೂಟರಲ್ಲಿ ವರ್ಕಿಂಗ್ ಡೇ ಅಂತ ಹಾಕ್ಬುಡಿ. ಇಲ್ದಿದ್ರೆ ಮೇಷ್ಟ್ರುಗಳು ಅದಕ್ಕೆ ಬದಲಿ ರಜ ಕೇಳ್ತಾರೆ. ಬಂದಾಗ ಒಂದ್ಸಲ, ಹೋಗುವಾಗ ಒಂದ್ಸಲ ಬೆರಳೊತ್ಲಿ."

"ಸಾರ್, ವರ್ಕಿಂಗ್ ಡೇ ಅಂದ್ರೆ ಬೆಲ್ಲೂ ಹೊಡಿಯತ್ತೆ. ನಾಲ್ಕು ಇಪ್ಪತ್ತಕ್ಕೆ ಸ್ಕೂಲ್ ಬಿಡೋ ಲಾಂಗ್ ಬೆಲ್ ಇದೆ. ಬೆಲ್ ಮಾತ್ರ ಆಫ್ ಮಾಡ್ಲಾ?"

"ಏನ್ರೀ, ಒಂದೂ ಬೆಲ್ ತಪ್ಪಂಗಿಲ್ಲ ಅಂತ ಅಲ್ವಾ ನಮ್ಮ ಮಾತು? ಕೊನೇ ದಿನ ನೀವೇ ತಪ್ಸಿದ್ರೆ ಆಮೇಲೆ ನನ್ನ ಕೇಳ್ಬೇಡಿ. ಪ್ರೋಗ್ರಾಂ ಮೂರಕ್ಕೆಲ್ಲ ಮುಗೀತದೆ, ಬುಡಿ."

ನಾನು ಬಿಟ್ಟೆ.

ಹತ್ತೂವರೆಗೆ ಬರಬೇಕಿದ್ದ ಮುಖ್ಯ ಅತಿಥಿಗಳು ಹನ್ನೆರಡೂ ಮುಕ್ಕಾಲಿಗೆ ಬಂದರು. ಶಿಕ್ಷಣ ಇಲಾಖೆಯ ನಿವೃತ್ತ ಅಧಿಕಾರಿ, ತುಂಬ ಶಿಸ್ತಿನ ಮನುಷ್ಯ ಅಂತ ಹೆಸರು. ಸ್ವಾಗತ, ವರದಿ, ಬಹುಮಾನ, ಕೋಲಾಟ, ಮತ್ತೆ ಸ್ವಾಗತ ಎಲ್ಲ ಆಗಿ ವರ್ಷದ 'ಅತ್ಯುತ್ತಮ ಸಿಬ್ಬಂದಿ' ಸನ್ಮಾನ ಬಂತು. ವರ್ಷದ ಒಂದು ದಿನವೂ ತಪ್ಪಿಸದವರು ಡಬ್ಬ ಒಂದೇ. ಬೆರಳೊತ್ತುವ ಮೆಷಿನ್ನಿನ ಸಮೇತ ಅದನ್ನು ವೇದಿಕೆಗೆ ತಂದು ಕುರ್ಚಿಯಲ್ಲಿ ಕೂರಿಸಿದರು. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿದರು, ಮುಂದೆ ಹಣ್ಣಿನ ಬುಟ್ಟಿ ಇಟ್ಟರು. ಯಾರೋ ಭಕ್ತರು ವಿಭೂತಿಯನ್ನೂ ಎಳೆದರು. ಆರು ವರ್ಷ ದುಡಿದ ನನಗೆ ಒಂದು ಹಾರ ಇರಲಿ, ಕುರ್ಚಿಯೂ ಇರಲಿಲ್ಲ. ಡಬ್ಬದ ವೈರು ಕೀಳದಂತೆ ಅದರ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದೆ.

ಅಷ್ಟರಲ್ಲಿ ಪೀರಿಯಡ್ ಬೆಲ್ ಹೊಡೆಯಿತು. ಮುಖ್ಯೋಪಾಧ್ಯಾಯಿನಿ ಗಾಬರಿಯಾಗಿ ಸ್ವಿಚ್ಚಿಗೆ ಕೈ ಹಾಕಿದರು. ಸೆಕ್ರೆಟರಿಯವರೇ ಮೈಕಿನಲ್ಲಿ ತಡೆದರು. "ಬುಡಿ ಮೇಡಂ. ಸನ್ಮಾನಿತರು ಎರಡು ಮಾತಾಡ್ತಾವ್ರೆ." ಜನ ಚಪ್ಪಾಳೆ ತಟ್ಟಿದರು.

ಮೂರೂವರೆಗೆ ಸೆಕ್ರೆಟರಿಯವರ ಅಧ್ಯಕ್ಷ ಭಾಷಣ ಅವರ ಹುಟ್ಟಿನಿಂದಲೇ ಶುರುವಾಯಿತು. ಕೊನೆಯಲ್ಲಿ ನನ್ನ ಆರ್ಡರು ಕೊಡುವುದಾಗಿ ಹೇಳಿದ್ದರು, ಜೇಬಿನಿಂದ ಕವರಿನ ತುದಿಯೂ ಕಾಣುತ್ತಿತ್ತು. ನಾನು ಆ ತುದಿಯನ್ನೇ ನೋಡುತ್ತಿದ್ದೆ. ನಾಲ್ಕಾಯಿತು, ಅವರಿಗೆ ಇನ್ನೂ ಭಾಷಣದಲ್ಲಿ ಹದಿನಾಲ್ಕು ವರ್ಷ. ನಾಲ್ಕೂಕಾಲಿಗೆ ಮಂಡಿಗೆ ಮೊದಲ ಲೋಡು ಬಂತು. ನನ್ನ ಕೈ ಎರಡು ಸಲ ವೈರಿನ ತನಕ ಹೋಗಿ ವಾಪಸ್ ಬಂತು. ಕಿತ್ತರೆ ಬೆಲ್ ತಪ್ಪಿ ಆರ್ಡರು ಹೋಗುತ್ತದೆ. ಬಿಟ್ಟರೆ ಭಾಷಣ ಕೆಟ್ಟು ಆರ್ಡರು ಹೋಗುತ್ತದೆ.

"ಮಕ್ಕಳೇ, ಸಮಯಪಾಲನೆ ಅಂದ್ರೆ..." ಅಂದರು ಸೆಕ್ರೆಟರಿಯವರು. ಲಾಂಗ್ ಬೆಲ್ ಹೊಡೆಯಿತು.

ಲಾಂಗ್ ಬೆಲ್ ಕೇಳಿಯೂ ಕೂತಿರುವ ಮಗು ನಮ್ಮ ಶಾಲೆಯಲ್ಲಿ ಇನ್ನೂ ಹುಟ್ಟಿಲ್ಲ. ಎಂಟುನೂರು ಮಕ್ಕಳು 'ಓ' ಅಂತ ಎದ್ದು ಗೇಟಿಗೆ ಓಡಿದರು. ಅವರ ಹಿಂದೆ ಅಪ್ಪ ಅಮ್ಮಂದಿರು ಓಡಿದರು. ಮೇಷ್ಟ್ರುಗಳು ಸಾಲಾಗಿ ವೇದಿಕೆ ಹತ್ತಿ, ಪೇಟ ತೊಟ್ಟ ಡಬ್ಬದ ಮುಂದೆ ಒಬ್ಬೊಬ್ಬರಾಗಿ ಬಾಗಿ ಬೆರಳೊತ್ತಿ ಇಳಿದುಹೋದರು. ಹಿಂದಿ ಮೇಡಮ್ಮು ಹೋಗುವಾಗ ಬುಟ್ಟಿಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡರು. ಫೋಟೋದವನು ಹೋದ. ಶಾಮಿಯಾನದವರು ಕುರ್ಚಿ ಮಡಿಸತೊಡಗಿದರು. ಮೈಕ್ ಹಿಡಿದ ಸೆಕ್ರೆಟರಿಯವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆರು ವರ್ಷ ನೀರುಪಾಲಾಯಿತು ಅಂತ ನಾನು ಕಣ್ಣು ಮುಚ್ಚಿದೆ.

"ಭೇಷ್!"

ಕಣ್ಣು ಬಿಟ್ಟೆ. ಮುಖ್ಯ ಅತಿಥಿಗಳು ಎದ್ದು ನಿಂತಿದ್ದರು. "ಮೂವತ್ತು ವರ್ಷ ಸರ್ವೀಸಲ್ಲಿ ಸಾವಿರ ಸಮಾರಂಭ ಕೂತಿದೀನ್ರೀ. ಟೈಮ್ ಆಯ್ತು ಅಂತ ಅಧ್ಯಕ್ಷರ ಭಾಷಣನೂ ನಿಲ್ಸಿದ್ದು ಇಲ್ಲೊಂದೇ ಕಡೆ ನೋಡಿದ್ದು! ಏನ್ ಶಿಸ್ತು, ಏನ್ ಶಿಸ್ತು!"

ಸೆಕ್ರೆಟರಿಯವರು ಮೈಕು ಕೆಳಗಿಟ್ಟರು. ಆಮೇಲೆ ಕೈಮುಗಿದರು. "ಎಲ್ಲ ನಾನೇ ರೂಢಿ ಮಾಡ್ಸಿದ್ದು ಸಾರ್. ನಮಗೂ ಒಂದೇ ರೂಲು, ಮಕ್ಕಳಿಗೂ ಒಂದೇ ರೂಲು."

"ಇದನ್ನ ಮಾಡಿದ ಮೇಷ್ಟ್ರು ಯಾರು? ಆರ್ಡರ್ ಅಂತಿದ್ರಲ್ಲ, ಕೊಡಿ ಇತ್ಲಾಗೆ, ನಾನೇ ಕೊಡ್ತೀನಿ."

ಕವರು ಜೇಬಿನಿಂದ ಹೊರಗೆ ಬಂತು. ಮಡಿಸಿದ ಕುರ್ಚಿಗಳ ಮುಂದೆ ನನಗೆ ಅದನ್ನು ಕೊಟ್ಟರು. ಶಾಮಿಯಾನದವನೊಬ್ಬ ಕುರ್ಚಿ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಅತಿಥಿಗಳ ಕಾರು ಗೇಟು ದಾಟುವವರೆಗೂ ನಾನು ಕೈಮುಗಿದುಕೊಂಡೇ ನಿಂತಿದ್ದೆ. ಆಮೇಲೆ ಕವರು ಒಡೆದು ಓದಿದೆ: 'ಸದರಿಯವರನ್ನು ಈ ದಿನದಿಂದ ಹನ್ನೊಂದು ತಿಂಗಳ ಅವಧಿಗೆ ಖಾಯಂ ಮಾಡಲಾಗಿದೆ.'

ಎರಡು ಸಲ ಓದಿದೆ. ಅದೇ ಇತ್ತು.

"ಸಾರ್, ಖಾಯಂ ಅಂದ್ಮೇಲೆ ಹನ್ನೊಂದು ತಿಂಗಳು ಅಂದ್ರೆ ಹೆಂಗ್ ಸಾರ್?"

"ಮುಗಿದ್ಮೇಲೆ ಮತ್ತೆ ಖಾಯಂ ಮಾಡ್ತೀವಲ್ರೀ!" ಸೆಕ್ರೆಟರಿಯವರು ನನ್ನ ಬೆನ್ನು ತಟ್ಟಿದರು. "ಬೇರೆ ಕಡೆ ಮನುಷ್ಯ ಜೀವಮಾನದಲ್ಲಿ ಒಂದೇ ಸಲ ಖಾಯಂ ಆಗ್ತಾನೆ. ನೀವು ವರ್ಷ ವರ್ಷಾನೂ ಆಗ್ತೀರಿ. ಎಲ್ರೀ ಸ್ವೀಟು?"